ಉಳ್ಳಾಗಡ್ಡಿ ಸಿಪ್ಪಿ, ಸವಳು ಮಣ್ಣು, ಮೈನಸ್ 120 ಮಿಲಿವೋಲ್ಟ್: ಪ್ರಾಜೆಕ್ಟ್ ಅಪ್‌ಡೇಟ್

ಸೆಲ್ ಬಯೋಫಿಸಿಕ್ಸ್ ಪೇಪರ್‌ಗೆ ಹಿಡ್ಕೊಂಡ ಪ್ರಾಜೆಕ್ಟ್ ಈಗ ಒಂದು ಹದಕ್ಕ ಬಂದೈತಿ. ನಮ್ದು ಗಂಗಾವತಿ ಕಡೆ ಊರು, ಓದೋದು ಬಳ್ಳಾರಿಯಾಗ. ತುಂಗಭದ್ರಾ ಎಡದಂಡೆ ಕಾಲುವಿ ನೀರು ಬಂದ ಮ್ಯಾಲೆ ಕರಿ ಮಣ್ಣಿಗೆ ಭತ್ತ ಹಚ್ಚಿ ಹಚ್ಚಿ, ನೀರು ಬಸಿದು ಹೋಗಾಕ ದಾರಿ ಇಲ್ದ ಅಂತರ್ಜಲ ಮ್ಯಾಲೆದ್ದು, ಜೋಡಿ ಉಪ್ಪನ್ನೂ ತಂದು ಎಷ್ಟೋ ಹೊಲ ಸವಳಾಗ್ಯಾವು, ಇದು ನಮ್ಮ ಕಡೆ ಎಲ್ಲಾರಿಗೂ ಗೊತ್ತಿದ್ದಿದ್ದ. ಗದ್ದ್ಯಾಗ ನೀರು ನಿಂತಿದ್ರೂ ಸಸಿ ಯಾಕ ಸುಡ್ತೈತಿ ಅನ್ನೋದಕ್ಕ ನಂಬರ್‌ನಾಗ ಉತ್ತರ ಬೇಕಿತ್ತು ನನಗ.

ಭತ್ತದ ಬೇರಿನ ಸೆಲ್‌ಗೆ ಬಣ್ಣ ಇರಂಗಿಲ್ಲ, ಮೈಕ್ರೋಸ್ಕೋಪ್‌ನಾಗ ನೋಡೋದು ತ್ರಾಸು. ಅದಕ್ಕ ಕೆಂಪು ಉಳ್ಳಾಗಡ್ಡಿ. ಪದರಿನ ಮ್ಯಾಲಿನ ತೆಳು ಸಿಪ್ಪಿ ಎಳದ್ರ ಒಂದ ಸೆಲ್ ದಪ್ಪ ಬರ್ತೈತಿ, ವ್ಯಾಕ್ಯೂಲ್ (ಸೆಲ್ ಒಳಗಿನ ರಸದ ಚೀಲ) ತುಂಬ ಬಣ್ಣ, ಸಕ್ರಿ ನೀರಿಗೆ ಹಾಕಿದ್ರ ಒಳಗಿನ ನೀರು ಹೊರಗ ಬಂದು ಬಣ್ಣದ ಚೀಲ ಗ್ವಾಡಿ ಬಿಟ್ಟು ಮುದುಡೋದು ಕಣ್ಣಿಗೆ ಕಾಣ್ತೈತಿ. ("ಉಳ್ಳಾಗಡ್ಡಿ ಸುಲಿಯಾಕ ಯುನಿವರ್ಸಿಟಿಗೆ ಹೋಗ್ಬೇಕಿತ್ತೇನಲೇ" ಅಂತ ನಮ್ಮ ಕಾಕಾ.) ಅರ್ಧದಷ್ಟು ಸೆಲ್ ಮುದುಡೋ ಹದ ಹುಡುಕ್ಬೇಕು, ಆಗ ಹೊರಗಿನ ದ್ರಾವಣ ಒಳಗಿನ ರಸಕ್ಕ ಸಮ ಅಂತ ಲೆಕ್ಕ, ಅದು 0.35 ಮೋಲಾರ್ (ಲೀಟರ್‌ಗೆ 0.35 ಮೋಲ್) ಸಕ್ರಿ ಆಜೂಬಾಜು ಸಿಕ್ತು. ಕರಗಿದ ಕಣಗಳ ಲೆಕ್ಕದಿಂದ ಆಸ್ಮೋಟಿಕ್ ಒತ್ತಡ (ನೀರು ಎಳಕೊಳ್ಳೋ ಒತ್ತಡ) ಹೇಳೋ ವ್ಯಾಂಟ್ ಹಾಫ್ ಸೂತ್ರಕ್ಕ ಹಾಕಿದ್ರ ಸುಮಾರು 8.7 ಬಾರ್. ಕಾರ್ ಟಯರ್‌ನ ಗಾಳಿ 2 ಬಾರ್ ಚಿಲ್ಲರೆ, ಅಂದ್ರ ಅದರ ನಾಲ್ಕು ಪಟ್ಟು ಒತ್ತಡಾನ ಈ ಸಿಪ್ಪಿ ಗ್ವಾಡಿ ತಡ್ಕೋತೈತಿ.

ಉಪ್ಪಿನಾಗ ಮಾಡಿದ್ರ ಅದ ಹದಕ್ಕ 0.2 ಮೋಲಾರ್ ಒಳಗ ಸಾಕಾತು, ಯಾಕಂದ್ರ ಉಪ್ಪು ಕರಗಿದ್ರ ಸೋಡಿಯಂ ಬ್ಯಾರೆ ಕ್ಲೋರೈಡ್ ಬ್ಯಾರೆ, ಒಂದರ ಜಾಗಕ್ಕ ಎರಡು ಕಣ. ಸೂತ್ರದಾಗಿನ ಆ ಎರಡು ಕಣ್ಣಾರೆ ಕಂಡಿದ್ದಕ್ಕ ಭಾಳ ಖುಷಿ ಆತು.

ಬಳ್ಳಾರಿ ಬಿಸಿಲಿನ ಬಗ್ಗೆ ಒಂದು ಮಾತು. 25 ಡಿಗ್ರಿ ಇದ್ದದ್ದು 40 ಆದ್ರೂ ಕೆಲ್ವಿನ್ ಲೆಕ್ಕದಾಗ 5 ಪರ್ಸೆಂಟ್ ಅಷ್ಟ ಒತ್ತಡ ಏರೋದು, ಅದರ ಚಿಂತಿಲ್ಲ. ಖರೇ ತೊಂದ್ರಿ ಅಂದ್ರ ಕವರ್ ಸ್ಲಿಪ್ ಅಂಚಿನಾಗ ನೀರು ಆರಿ ದ್ರಾವಣ ಗಟ್ಟಿ ಆಗೋದು. ಸುತ್ತ ವ್ಯಾಸಲೀನ್ ಹಚ್ಚಿದ್ರ ಮುಗೀತು.

ಈಗ ಮಜಾ ಕೇಳ್ರಿ. ಮಣ್ಣಿನ ರಸದ ಇಸಿ (ಕರೆಂಟ್ ಹರಿಸೋ ಶಕ್ತಿ, ಉಪ್ಪು ಹೆಚ್ಚಿದಂಗ ಇದೂ ಏರ್ತೈತಿ) ಮೀಟರ್‌ಗೆ 4 ಡೆಸಿಸೀಮೆನ್ಸ್ ದಾಟಿದ್ರ ಸವಳು ಅಂತಾರ, ಭತ್ತಕ್ಕ 3ರಿಂದಾನ ಇಳುವರಿ ಹೊಡೆತ ಶುರು. ಆದ್ರ 4 ಅಂದ್ರ ಬರೇ 1.5 ಬಾರ್ ಹತ್ರ! ಉಳ್ಳಾಗಡ್ಡಿ 8.7 ಕೇಳ್ತೈತಿ, ಭತ್ತ 1.5ಕ್ಕ ಯಾಕ ನಲುಗ್ತೈತಿ? ಗದ್ದಿ ಆರಿದ್ರ ಉಪ್ಪು ಗಟ್ಟಿ ಆಗ್ತೈತಿ ಖರೆ, ಅಷ್ಟ ಹೇಳಿದ್ರ ಸಾಲಂಗಿಲ್ಲ. ಇಲ್ಲೇ ನರ್ನ್ಸ್ಟ್ ಸಮೀಕರಣ ಬೇಕಾತು, ವೋಲ್ಟೇಜ್ ಇದ್ರ ಅಯಾನು ಒಳಗ ಹೊರಗ ಎಷ್ಟೆಷ್ಟು ಕೂಡ್ತಾವು ಅಂತ ಅದು ಹೇಳ್ತೈತಿ. ಗಿಡದ ಸೆಲ್‌ನ ಒಳಗ ಹೊರಗಿಗಿಂತ ಮೈನಸ್ 120 ಮಿಲಿವೋಲ್ಟ್ ಆಸುಪಾಸು ಇರ್ತೈತಿ, ಸೋಡಿಯಂ ಪ್ಲಸ್, ಅದನ್ನ ಒಳಗ ಎಳಿತೈತಿ. ಸುಮಾರು ಪ್ರತಿ 59 ಮಿಲಿವೋಲ್ಟ್‌ಗೆ ಹತ್ತು ಪಟ್ಟು, ಅಂದ್ರ ತಡೆಯೋರಿಲ್ದಿದ್ರ ಹೊರಗಿಗಿಂತ ನೂರು ಪಟ್ಟು ಸೋಡಿಯಂ ಒಳಗ ಕೂಡಬಹುದು, ಹೊರಗ 40 ಮಿಲಿಮೋಲಾರ್ ಇದ್ರ ಒಳಗ 4 ಮೋಲಾರ್ ತನಕ! ಹಂಗ ಆಗಬಾರದಂತ ಸೆಲ್ ಎನರ್ಜಿ ಸುಟ್ಟು ಅದನ್ನ ಹೊರಗ ತಳ್ತಾನ ಇರ್ಬೇಕು. 2005ರಾಗ ನೋನಾ ಬೊಕ್ರಾ ಅನ್ನೋ ಉಪ್ಪು ತಡಿಯೋ ಭತ್ತದಾಗ ಗುರುತಿಸಿದ ಎಸ್‌ಕೆಸಿ1 ಜೀನ್ ಕೆಲಸಾನೂ ಸೋಡಿಯಂ ಎಲಿ ತನಕ ಏರದಂಗ ನೋಡ್ಕೊಳೋದ.

ಮುಂದಿಂದು ಭತ್ತದ ಸಸಿ ಮ್ಯಾಲೆ: ಒಂದ ಒತ್ತಡದ ಉಪ್ಪುನೀರು ಒಂದು ಟ್ರೇಗೆ, ಮ್ಯಾನಿಟಾಲ್ (ಸಕ್ರಿಯಂಥಾ ವಸ್ತು, ಸೋಡಿಯಂ ಇರಂಗಿಲ್ಲ) ಇನ್ನೊಂದಕ್ಕ. ಎರಡೂ ಸಮ ಬಾಡಿದ್ರ ನೀರಿಂದು ಕಾಟ, ಉಪ್ಪಿನ ಟ್ರೇ ಮೊದಲ ಸುಟ್ಟರ ಸೋಡಿಯಂದು. ಮ್ಯಾನಿಟಾಲ್ ಲ್ಯಾಬ್‌ನಾಗ ಐತೇನು ಕೇಳ್ಬೇಕು, ಬೀಜ ಮನಿಯಿಂದ ತರ್ತೀನಿ.