ಮಿನಿಮಮ್ ಪಾಲಿಸಿ ಸಾಕಾ ಮಾಮಾ?

ಹುಬ್ಬಳ್ಳಿಯಲ್ಲಿ ಗಾಡಿಗಳ ಇನ್ಶೂರೆನ್ಸ್ ಮಾಡಿಸುವುದು ನನ್ನ ಕೆಲಸ. ನನ್ನ ಅಕ್ಕನ ಮಗಳು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿದ್ದಾಳೆ. ಈಗ ಕೆಲಸ ಬದಲಾಗಿ ಮಿಷಿಗನ್‌ಗೆ ಹೊರಟಿದ್ದಾಳೆ. "ಮಾಮಾ, ಗಾಡಿ ಅದ ಐತಿ, ಓಡಸಾಕಿನೂ ನಾನ. ಮತ್ತ ಪಾಲಿಸಿ ಯಾಕ ಬದಲ ಮಾಡಬೇಕು?" ಅಂತ ಕೇಳಿದಳು.

ನಮ್ಮಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಕೆಎ-63 ಗಾಡಿ ಗೋವಾಕ್ಕೆ ಹೋದರೂ ಕೊಲ್ಲಾಪುರಕ್ಕೆ ಹೋದರೂ ಪಾಲಿಸಿ ಅದೇ. ಥರ್ಡ್ ಪಾರ್ಟಿ, ಅಂದರೆ ನಮ್ಮ ಗಾಡಿಯಿಂದ ಎದುರಿನವರಿಗಾಗುವ ಹಾನಿಯ ಇನ್ಶೂರೆನ್ಸ್ ದರವನ್ನು ಕೇಂದ್ರ ಸರ್ಕಾರ ಗೊತ್ತು ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000ರಿಂದ 1500 ಸಿಸಿ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ಗದಗದಲ್ಲೂ ಅಷ್ಟೇ, ದಿಲ್ಲಿಯಲ್ಲೂ ಅಷ್ಟೇ. ನಮ್ಮ ಗಾಡಿಯ ಡ್ಯಾಮೇಜ್‌ಗೆ ಕಟ್ಟುವ ಹಣದಲ್ಲಿ ಮಾತ್ರ ಊರಿನ ಲೆಕ್ಕ ಬರುತ್ತದೆ. ಬೆಂಗಳೂರು, ಪುಣೆ ಎ ಝೋನ್, ನಾವು ಬಿ ಝೋನ್. ನಮಗೆ ಸ್ವಲ್ಪ ಕಡಿಮೆ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹೆಚ್ಚಿನವರಿಗೆ ಇನ್ಶೂರೆನ್ಸ್ ಕಡ್ಡಾಯವೇ ಅಲ್ಲ. ಟೆಕ್ಸಾಸ್‌ನಲ್ಲಿ ತಪ್ಪು ಯಾರದೋ ಅವರ ಕಂಪನಿ ಹಣ ಕೊಡಬೇಕು. ಮಿಷಿಗನ್‌ನಲ್ಲಿ ತಪ್ಪು ಯಾರದೇ ಇರಲಿ, ನಿಮ್ಮ ಆಸ್ಪತ್ರೆ ಖರ್ಚು ನಿಮ್ಮ ಪಾಲಿಸಿಯಿಂದಲೇ. 2020ರ ಜುಲೈವರೆಗೆ ಅಲ್ಲಿ ಆ ಖರ್ಚಿಗೆ ಮಿತಿಯೇ ಇಲ್ಲದ ಕವರ್ ಕಡ್ಡಾಯವಾಗಿತ್ತು. ಅದಕ್ಕೇ ದರವೂ ಬಹಳ ಜಾಸ್ತಿ. ಈಗ ಎಷ್ಟರ ಕವರ್ ಬೇಕು ಅಂತ ಆರಿಸಿಕೊಳ್ಳಬಹುದು.

ಇದೆಲ್ಲ ಸರಿ. ನನಗೆ ಚಿಂತೆ ಹತ್ತಿದ್ದು ಬೇರೆ ವಿಷಯಕ್ಕೆ. ಅವಳ ಹತ್ತಿರ ಇದ್ದದ್ದು ಟೆಕ್ಸಾಸ್‌ನ ಮಿನಿಮಮ್ ಪಾಲಿಸಿ. ಅವಳ ತಪ್ಪಿನಿಂದ ಪೆಟ್ಟಾದ ಒಬ್ಬರಿಗೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಗಾಡಿ-ಗೋಡೆ ಹಾನಿಗೆ 25,000. "ಕಾನೂನು ಕೇಳಿದಷ್ಟು ಐತಲ್ಲ ಮಾಮಾ, ಸಾಕಲ್ಲ?" ಅಂದಳು. ಸಾಲದು! ಅಲ್ಲಿ ಒಂದು ದೊಡ್ಡ ಆಪರೇಷನ್ ಆದರೆ 30,000 ಎಲ್ಲಿ ಸಾಲುತ್ತದೆ? ಉಳಿದದ್ದಕ್ಕೆ ಅವಳ ಮೇಲೆಯೇ ಕೇಸು ಹಾಕಬಹುದು.

ನಮ್ಮಲ್ಲಿ ಥರ್ಡ್ ಪಾರ್ಟಿ ಪಾಲಿಸಿಗೆ ಹೆಸರಿಡುವವರೇ ಜಾಸ್ತಿ. ಆದರೆ ಎದುರಿನವರ ಪ್ರಾಣ ಹೋದರೆ, ಗಾಯವಾದರೆ ಅದರಲ್ಲಿ ಮಿತಿಯೇ ಇಲ್ಲ. ವಯಸ್ಸು, ದುಡಿಮೆ, ನಂಬಿಕೊಂಡ ಮಂದಿ ಎಲ್ಲ ನೋಡಿ ಟ್ರಿಬ್ಯೂನಲ್ (ಅಪಘಾತ ಪರಿಹಾರದ ಕೋರ್ಟು) ಎಷ್ಟು ಹೇಳುತ್ತದೋ ಅಷ್ಟನ್ನು ಕಂಪನಿ ಕೊಡಬೇಕು. ಆಸ್ತಿ ಹಾನಿಗೆ ಮಾತ್ರ ಕಾರಿನ ಪಾಲಿಸಿಯಲ್ಲಿ 7.5 ಲಕ್ಷದ ಮಿತಿ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಎರಡೇ ಲೇನ್ ಇದ್ದ ಕಾಲದ ಕ್ಲೇಮ್ ಫೈಲುಗಳನ್ನು ನೋಡಿದವನು ನಾನು. ದುಡಿಯುವ ಒಬ್ಬರು ಹೋದರೆ ಆ ಮನೆಗೆ ಈ ಹಣ ಎಷ್ಟು ದೊಡ್ಡ ಆಸರೆ ಅನ್ನೋದು ನನಗೆ ಗೊತ್ತು. ಈ ಒಂದು ವಿಷಯದಲ್ಲಿ ನಮ್ಮ ಕಾನೂನು ದೊಡ್ಡದು ಅಂತಲೇ ನಾನು ಹೇಳುವುದು.

ಮಿಷಿಗನ್‌ನಲ್ಲಿ ನೀವು ಸುಮ್ನೆ ಇದ್ದರೆ, ನಿಮ್ಮಿಂದ ಪೆಟ್ಟಾದ ಎದುರಿನವರಲ್ಲಿ ಒಬ್ಬರಿಗೆ 2,50,000, ಒಂದು ಅಪಘಾತಕ್ಕೆ 5,00,000 ಡಾಲರ್ ಲೆಕ್ಕದ ಪಾಲಿಸಿಯೇ ಬರುತ್ತದೆ. ಫಾರ್ಮ್‌ಗೆ ಸಹಿ ಹಾಕಿದರೆ ಒಬ್ಬರಿಗೆ 50,000, ಒಂದು ಅಪಘಾತಕ್ಕೆ 1,00,000ಕ್ಕೆ ಇಳಿಸಬಹುದು. ಆ ಸಹಿ ಹಾಕಲೇಬೇಡ ಅಂದೆ. ಹಣ ಉಳಿಸಬೇಕಿದ್ದರೆ ನಿನ್ನ ಸ್ವಂತ ಗಾಡಿಯ ರಿಪೇರಿಗೆ ಕೈಯಿಂದ ಹಾಕುವ ಡಿಡಕ್ಟಿಬಲ್ ಏರಿಸಿಕೋ. ಗಾಡಿ ಬಾಗಿಲಿಗೆ ತಗ್ಗು ಬಿದ್ದರೆ ಸಂಬಳದಲ್ಲಿ ಸರಿ ಮಾಡಿಸಬಹುದು, ಅಲ್ವಾ?

ಇನ್ನೊಂದು ಮಾತು. ಮಿಷಿಗನ್ ಪಾಲಿಸಿ ಶುರುವಾಗುವ ತನಕ ಟೆಕ್ಸಾಸ್ ಪಾಲಿಸಿ ಕ್ಯಾನ್ಸಲ್ ಮಾಡಬಾರದು. ನಡುವೆ ಖಾಲಿ ಬಿದ್ದರೆ ಮುಂದಿನ ಕಂಪನಿ ದರ ಏರಿಸುವ ಸಾಧ್ಯತೆ ಜಾಸ್ತಿ. ನಿಮ್ಮ ಮಕ್ಕಳೂ ಅಲ್ಲಿ ರಾಜ್ಯ ಬದಲಿಸುತ್ತಿದ್ದರೆ ಇಷ್ಟನ್ನು ಫೋನಿನಲ್ಲಿ ಹೇಳಿಬಿಡಿ.