ತಳ ಗಟ್ಟಿಯಾಗದ ಬಿಲ್ಲೆ

ನೀಲಿ ಬೆಳಕಿಗೆ ಗಟ್ಟಿಯಾಗುವ ರಾಳದಿಂದ ಗಡಸುತನ ಅಳೆಯಲು ಬಿಲ್ಲೆಗಳನ್ನು ಮಾಡುತ್ತಿದ್ದೆವು. ಮಧ್ಯಾಹ್ನ ಅಚ್ಚಿನಿಂದ ಹೊರಬಂದ ಬಿಲ್ಲೆಯ ಮೇಲ್ಮುಖ ಗಾಜಿನಂತೆ ಗಟ್ಟಿ. ತಿರುಗಿಸಿ ನೋಡಿದರೆ ತಳದಲ್ಲಿ ಸೂಜಿ ಸಲೀಸಾಗಿ ಇಳಿಯುತ್ತಿತ್ತು. ಬೆಳಗ್ಗೆ ಅದೇ ಸೀಸೆಯ ರಾಳ, ಅದೇ ನೀಲಿ ದೀಪ, ಅದೇ 20 ಸೆಕೆಂಡು. ಆಗ ಎರಡೂ ಮುಖ ಒಂದೇ ಸಮ ಗಟ್ಟಿಯಾಗಿದ್ದವು.

ಮೊದಲ ಅನುಮಾನ ಹೋದದ್ದು ರಾಳದ ಮೇಲೆ. ಅದನ್ನು ಕಲಸಿದ ಕ್ರಮ ಹೀಗೆ: 7 ಗ್ರಾಂ ಬಿಸ್‌ಜಿಎಂಎ, 3 ಗ್ರಾಂ ಟೆಗ್‌ಡಿಎಂಎ, 50 ಮಿಲಿಗ್ರಾಂ ಕ್ಯಾಂಫರ್‌ಕ್ವಿನೋನ್, 80 ಮಿಲಿಗ್ರಾಂ ಅಮೀನ್. ಮೊದಲೆರಡು ಮೆಥಾಕ್ರಿಲೇಟ್ ಮಾನೊಮರುಗಳು, ಅಂದರೆ ಸರಪಳಿಯಾಗಿ ಕೂಡಿಕೊಂಡು ಗಟ್ಟಿಯಾಗುವ ಅಣುಗಳು; ಕೊನೆಯೆರಡು ಬೆಳಕು ಬಿದ್ದಾಗ ಆ ಕೂಡಿಕೆಯನ್ನು ಶುರುಮಾಡುವ ಪುಡಿಗಳು. ಬಿಸ್‌ಜಿಎಂಎ ಜೇನಿಗಿಂತಲೂ ಮಂದ. ಪುಡಿಗಳನ್ನು ನೇರವಾಗಿ ಅದಕ್ಕೆ ಹಾಕಿದರೆ ಎಷ್ಟು ತಿರುವಿದರೂ ಹಳದಿ ಕಣಗಳು ಉಳಿದುಬಿಡುತ್ತವೆ. ಅದಕ್ಕೇ ಎರಡೂ ಪುಡಿಯನ್ನು ಮೊದಲು ತೆಳುವಾದ ಟೆಗ್‌ಡಿಎಂಎಯಲ್ಲಿ ಕರಗಿಸಿ, ಆಮೇಲೆ ಬೆಚ್ಚಗೆ ಮಾಡಿದ ಬಿಸ್‌ಜಿಎಂಎ ಸೇರಿಸಬೇಕು. ಸೀಸೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಒಂದು ರಾತ್ರಿ ಬಿಟ್ಟರೆ ಗುಳ್ಳೆಗಳೂ ಮೇಲೇರಿ ಹೋಗುತ್ತವೆ.

ಕ್ಯಾಂಫರ್‌ಕ್ವಿನೋನ್ ಹೆಚ್ಚು ಹೀರುವುದು 470 ನ್ಯಾನೊಮೀಟರ್ ಆಸುಪಾಸಿನ ನೀಲಿಯನ್ನು. ಬೆಳಕು ಹೀರಿ ಉದ್ರಿಕ್ತವಾದ ಅಣು ಅಮೀನಿನಿಂದ ಒಂದು ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಸರಪಳಿ ಶುರುಮಾಡುವುದು ಹಾಗೆ ಉಳಿದ, ಒಂಟಿ ಎಲೆಕ್ಟ್ರಾನಿನ ಚುರುಕು ಅಣುವಾದ ಅಮೀನ್ ರ್‍ಯಾಡಿಕಲ್. ಅಮೀನ್ ಮರೆತರೆ ದೀಪ ಎಷ್ಟು ಪ್ರಖರವಾಗಿದ್ದರೂ ಕೆಲಸ ಕುಂಟುತ್ತದೆ. ಕೋಣೆಯ ಬಿಳಿ ಎಲ್‌ಇಡಿಯಲ್ಲೂ 450ರ ಸುಮಾರಿಗೆ ನೀಲಿ ಧಾರಾಳವಾಗಿರುತ್ತದೆ, ಆದ್ದರಿಂದ ಕಲಸುವುದು, ತುಂಬುವುದು ಎಲ್ಲ ಕಿತ್ತಳೆ ಬೆಳಕಿನಲ್ಲೇ ಆಗಬೇಕು.

ರಾಳ ನಿರಪರಾಧಿ ಎಂದು ಹೇಳಿದ್ದು ಬಿಲ್ಲೆಯ ಬಣ್ಣವೇ. ಬೆಳಕು ತಾಗಿದ ಕಡೆ ಕ್ಯಾಂಫರ್‌ಕ್ವಿನೋನ್ ಖರ್ಚಾಗಿ ಹಳದಿ ತೆಳುವಾಗುತ್ತದೆ. ಬಿಳಿ ಕಾಗದದ ಮೇಲೆ ಅಡ್ಡ ಮಲಗಿಸಿ ನೋಡಿದರೆ ಮೇಲ್ಭಾಗ ತಿಳಿಯಾಗಿತ್ತು, ತಳದಲ್ಲಿ ಮಾತ್ರ ನಿಂಬೆ ಬಣ್ಣದ ಗೆರೆ ಉಳಿದಿತ್ತು. ಅಂದರೆ ತಳಕ್ಕೆ ಬೆಳಕು ಸಾಕಷ್ಟು ಇಳಿದೇ ಇಲ್ಲ. ದೀಪದ ತುದಿ ಒರಸಿ ನೋಡಿದಾಗ ಬೆರಳಿಗೆ ಸಿಕ್ಕಿದ್ದು ಕೂದಲೆಳೆಯಷ್ಟು ದಪ್ಪದ ಉಬ್ಬು. ಅಚ್ಚಿನ ಮೇಲೆ ಮುಚ್ಚಿದ ಪಾಲಿಯೆಸ್ಟರ್ ಹಾಳೆ ಸರಿದಾಗ ತುದಿಗೆ ತಾಗಿದ ರಾಳ ಅಲ್ಲೇ ಗಟ್ಟಿಯಾಗಿ ಬೆಳಕನ್ನು ಚದುರಿಸುತ್ತಿತ್ತು. ಸರಪಳಿಗಳು ಒಂದಕ್ಕೊಂದು ಬೆಸೆದು ಅಡ್ಡಕೊಂಡಿಯಾದ ಪಾಲಿಮರ್ ಸ್ಪಿರಿಟ್‌ಗೆ ಕರಗುವುದಿಲ್ಲ. ಪ್ಲಾಸ್ಟಿಕ್ ಕೆರೆಗತ್ತಿಯಿಂದ ಎಬ್ಬಿಸಬೇಕು. ಲೋಹದ ಕತ್ತಿ ಬೇಡ, ತುದಿಗೆ ಗೀರು ಬಿದ್ದರೆ ಅದೂ ಬೆಳಕು ಚದುರಿಸುತ್ತದೆ.

ಸಮಯವನ್ನು ಇಮ್ಮಡಿ ಮಾಡಿದರಾಯಿತಲ್ಲ ಎಂದು ಅನಿಸುವುದು ಸಹಜ. ಆದರೆ ಬೆಳಕು ಒಳಗಿಳಿದಂತೆ ಘಾತೀಯವಾಗಿ, ಅಂದರೆ ಪ್ರತಿ ಪದರದಲ್ಲೂ ಉಳಿದದ್ದರ ಅಷ್ಟೇ ಪಾಲು ಕಳೆದುಕೊಳ್ಳುತ್ತ, ಕುಗ್ಗುತ್ತದೆ. 20 ಸೆಕೆಂಡನ್ನು 40 ಮಾಡಿದರೆ ಗಟ್ಟಿಯಾಗುವ ಆಳ ಸ್ವಲ್ಪ ಹೆಚ್ಚುತ್ತದೆ, ಎರಡರಷ್ಟಾಗುವುದಿಲ್ಲ. ಕ್ಯಾಂಫರ್‌ಕ್ವಿನೋನ್ ಹೆಚ್ಚು ಸುರಿಯುವುದು ಇನ್ನೂ ಕೆಟ್ಟದ್ದು: ಮೇಲಿನ ಪದರವೇ ಬೆಳಕನ್ನೆಲ್ಲ ನುಂಗಿ ತಳವನ್ನು ಕತ್ತಲಲ್ಲಿಡುತ್ತದೆ. ಚದರ ಸೆಂಟಿಮೀಟರಿಗೆ 1000 ಮಿಲಿವ್ಯಾಟ್ ಕೊಡುವ ದೀಪ 20 ಸೆಕೆಂಡಿನಲ್ಲಿ 20 ಜೂಲ್ ಕೊಡುತ್ತದೆ. ಈ ಲೆಕ್ಕ ನಿಲ್ಲುವುದು ತುದಿ ಶುಚಿಯಾಗಿದ್ದು ಅಚ್ಚಿಗೆ ತಾಗುವಷ್ಟು ಹತ್ತಿರವಿದ್ದರೆ ಮಾತ್ರ. ಪ್ರತಿ ಸರದಿಗೂ ಮುನ್ನ ದೀಪದ ಬೆಳಕನ್ನು ಮೀಟರಿನಲ್ಲಿ ಅಳೆಯಲು ಅರೆ ನಿಮಿಷವೂ ಬೇಡ.

ತಳ ಮೆತ್ತಗಾಗುವುದೂ ಮೇಲ್ಮೈ ಅಂಟಂಟಾಗುವುದೂ ಬೇರೆ ಬೇರೆ ರೋಗ. ಮೇಲೆ ಮಾತ್ರ ಅಂಟಿದರೆ ಕಾರಣ ಗಾಳಿಯ ಆಮ್ಲಜನಕ. ಅದು ಬೆಳೆಯುವ ಸರಪಳಿಯ ತುದಿಯನ್ನು ಹಿಡಿದು ಜಡ ಪೆರಾಕ್ಸಿ ರ್‍ಯಾಡಿಕಲ್ ಮಾಡಿಬಿಡುತ್ತದೆ. 2 ಮಿಲಿಮೀಟರ್ ಅಚ್ಚನ್ನು ಒಂದು ಅಂಚಿನಿಂದ ನಿಧಾನವಾಗಿ ತುಂಬಿ, ಮೇಲೆ ಕೆಳಗೆ ಪಾಲಿಯೆಸ್ಟರ್ ಹಾಳೆ ಹಾಕಿ ಗಾಜಿನ ಪಟ್ಟಿಯಿಂದ ಒತ್ತಿದರೆ ಗಾಳಿಗೆ ಜಾಗವಿರುವುದಿಲ್ಲ. ಸೀಸೆಯೊಳಗೆ ಮಾತ್ರ ಅದೇ ಆಮ್ಲಜನಕ ಬೇಕು. ಮಾನೊಮರಿಗೆ ಬೆರೆಸಿರುವ ಮೀಥಾಕ್ಸಿಫೀನಾಲ್ ಎಂಬ ತಡೆಕಾರಿ ಆಮ್ಲಜನಕವಿಲ್ಲದೆ ಕೆಲಸ ಮಾಡದು. ನೈಟ್ರೋಜನ್ ತುಂಬಿ ಜೋಪಾನ ಮಾಡಲು ಹೋದರೆ ಸೀಸೆಯೇ ಗಟ್ಟಿಯಾದೀತು.

ಕಣ್ಣಿಗೆ ಕಿತ್ತಳೆ ಕನ್ನಡಕ ಬೇಕೇ ಬೇಕು, ನೀಲಿ ಬೆಳಕು ಅಕ್ಷಿಪಟಕ್ಕೆ ಹಾನಿ ಮಾಡುತ್ತದೆ. ಮೆಥಾಕ್ರಿಲೇಟ್ ಕೈಗವಸನ್ನೂ ದಾಟಿ ಚರ್ಮಕ್ಕೆ ಅಲರ್ಜಿ ತರಬಲ್ಲದು. ಹನಿ ಬಿದ್ದ ಕೈಗವಸನ್ನು ಆ ಕ್ಷಣವೇ ಬದಲಿಸಬೇಕು.

ತುದಿ ಕೆರೆದು ಒರಸಿದ ಮೇಲೆ ಮಾಡಿದ ಬಿಲ್ಲೆಯಲ್ಲಿ ನಿಂಬೆ ಗೆರೆ ಇರಲಿಲ್ಲ. ದೀಪ ಆರಿದ ಮೇಲೂ ಒಳಗೆ ಸರಪಳಿ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಗಡಸುತನದ ಅಳತೆಗೆ ಮುನ್ನ ಅದನ್ನು 24 ಗಂಟೆ 37 ಡಿಗ್ರಿಯಲ್ಲಿ, ಕತ್ತಲಲ್ಲಿ ಇಟ್ಟೆವು.