ಹಳ್ಳಿ ಬಂಕ್‌ನಲ್ಲೇ ಡೀಸೆಲ್ ಮೊದಲು ಖಾಲಿಯಾಗುವುದು ಯಾಕೆ?

ಗದಗ ಜಿಲ್ಲೆಯ ಒಂದು ಹಳ್ಳಿಯ ಪೆಟ್ರೋಲ್ ಬಂಕ್‌ನಲ್ಲಿ ನಾನು ಮ್ಯಾನೇಜರ್. 'ಡೀಸೆಲ್ ಇಲ್ಲ' ಅಂತ ಬೋರ್ಡ್ ಹಾಕಿದ ದಿನ ಎಲ್ಲರದೂ ಒಂದೇ ಪ್ರಶ್ನೆ. ಪೇಟೆಯಲ್ಲಿ ಸಿಗುತ್ತದೆ, ಇಲ್ಲಿ ಯಾಕಿಲ್ಲ? ಮಂಗಳೂರಿನಲ್ಲಿ ರಿಫೈನರಿ ಇದೆ, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ನೆಲದಡಿ ಎಣ್ಣೆಯ ತುರ್ತು ಸಂಗ್ರಹ ಇದೆ, ಆದರೂ ಯಾಕಿಲ್ಲ? ಇದರ ಉತ್ತರ ನನಗೆ ಪೂರ್ತಿ ತಿಳಿದದ್ದು 2022ರ ಜೂನ್‌ನಲ್ಲಿ, ಹೆಸರು ಬಿತ್ತನೆಯ ಹೊತ್ತಿನಲ್ಲಿ.

ಮೂಲ ದೂರದಲ್ಲಿದೆ. ಮುಂಬೈ ಆಚೆ ಸಮುದ್ರದಲ್ಲಿರುವ ಬಾಂಬೆ ಹೈ ತೈಲಕ್ಷೇತ್ರ 1976ರಿಂದ ಎಣ್ಣೆ ಕೊಡುತ್ತಿದೆ, ಈಗ ಸೊರಗಿದೆ. ರಾಜಸ್ಥಾನದ ಬಾರ್ಮೇರ್ 2009ರಲ್ಲಿ ಶುರುವಾಗಿ ಕೆಲವು ವರ್ಷ ಆಸರೆಯಾಯಿತು, ಆಮೇಲೆ ಅಲ್ಲೂ ಇಳಿಯಿತು. 2011-12ರಲ್ಲಿ ದೇಶದಲ್ಲಿ ಸುಮಾರು 3.8 ಕೋಟಿ ಟನ್ ಕಚ್ಚಾ ತೈಲ ಸಿಗುತ್ತಿತ್ತು. 2023-24ಕ್ಕೆ ಅದು 2.9 ಕೋಟಿ ಟನ್ ಆಸುಪಾಸಿಗೆ ಬಂತು. ಬಳಕೆ ಮಾತ್ರ ಏರುತ್ತಲೇ ಇದೆ. ಈಗ ನೂರಕ್ಕೆ ಸುಮಾರು 88ರಷ್ಟು ಹೊರಗಿನಿಂದ ತರುತ್ತೇವೆ.

ಹಾಗಾಗಿ ಉಕ್ರೇನ್ ಯುದ್ಧಕ್ಕೆ ಕಚ್ಚಾ ತೈಲದ ಬೆಲೆ ಏರಿದಾಗ ಪೆಟ್ಟು ನೇರವಾಗಿ ಬಿತ್ತು. ಏಪ್ರಿಲ್‌ನಿಂದ ಬಂಕ್ ದರ ಏರಿಸಲಿಲ್ಲ. ಮಾರಿದಷ್ಟೂ ಕಂಪನಿಗಳಿಗೆ ನಷ್ಟ. ಅನೇಕ ಖಾಸಗಿ ಬಂಕ್‌ಗಳು ಮಾರಾಟ ಕಡಿಮೆ ಮಾಡಿದವು. ಸಗಟು ಡೀಸೆಲ್ ದರ ಬಂಕ್ ದರಕ್ಕಿಂತ ಲೀಟರ್‌ಗೆ ಇಪ್ಪತ್ತೈದು ರೂಪಾಯಿಯಷ್ಟು ಜಾಸ್ತಿಯಾಗಿದ್ದರಿಂದ, ಕಂಪನಿಯ ಎಣ್ಣೆ ಡಿಪೋದಿಂದ ನೇರ ಕೊಳ್ಳುತ್ತಿದ್ದ ದೊಡ್ಡ ಗಿರಾಕಿಗಳೂ ಬಂಕ್‌ಗೇ ಬಂದರು. ಎಲ್ಲರ ಭಾರವೂ ಸರ್ಕಾರಿ ಕಂಪನಿಗಳ ಬಂಕ್ ಮೇಲೆ.

ಇಷ್ಟು ಪೇಪರ್‌ನಲ್ಲೂ ಬಂತು. ಬರದೇ ಹೋದದ್ದು ಉದ್ರಿಯ ವಿಷಯ. ನಮ್ಮಲ್ಲಿ ಡೀಸೆಲ್ ಒಯ್ಯುವ ರೈತರಲ್ಲಿ ಬಹಳ ಜನ ಫಸಲು ಮಾರಿದ ಮೇಲೆ ದುಡ್ಡು ಕೊಡುತ್ತಾರೆ. ಮೊದಲು ಕಂಪನಿಯೂ ನಮಗೆ ಕೆಲವು ದಿನ ಸಾಲ ಕೊಡುತ್ತಿತ್ತು, ಹೇಗೋ ನಡೆಯುತ್ತಿತ್ತು. ಆ ಬೇಸಿಗೆಯಲ್ಲಿ ಸಾಲ ನಿಂತಿತು. ದುಡ್ಡು ಮೊದಲು ಹಾಕಿ, ಆಮೇಲೆ ಲೋಡು. ಹೈವೇ ಬಂಕ್‌ಗೆ ದಿನವೂ ರೊಕ್ಕ ಬರುತ್ತದೆ, ಅವರು ಸಂಜೆಗೇ ಹಣ ಕಟ್ಟಿ ಇಂಡೆಂಟ್ (ಲೋಡಿನ ಬೇಡಿಕೆ) ಹಾಕುತ್ತಾರೆ. ನಮ್ಮ ದುಡ್ಡು ಹೊಲದಲ್ಲಿ ಬಿದ್ದಿರುತ್ತದೆ. ಡಿಪೋದಲ್ಲಿ ಡೀಸೆಲ್ ಇದ್ದರೂ ನಮ್ಮ ಟ್ಯಾಂಕರ್ ಹೊರಡುವುದಿಲ್ಲ. ಪಾದೂರಿನಲ್ಲಿ ಇರುವುದು ಕಚ್ಚಾ ತೈಲ, ಅದು ಈ ತೊಡಕಿಗೆ ಮದ್ದಲ್ಲ.

"ಅಣ್ಣಾರ, ಲೋಡು ಯಾವಾಗ ಬರತೈತ್ರಿ?" ಅಂತ ಹೊತ್ತಿಗೆ ಮುಂಚೆ ಬಂದು ಕೇಳುವವರಿಗೆ ಸುಮ್ನೆ 'ನಾಳೆ' ಅನ್ನುವುದನ್ನು ನಮ್ಮ ಹುಡುಗರಿಗೆ ನಿಲ್ಲಿಸಲು ಹೇಳಿದೆ. ಬಿತ್ತನೆಯ ಹದ ತಪ್ಪಿದರೆ ಅವರ ವರ್ಷವೇ ಹೋಗುತ್ತದೆ. ಬೆಳಿಗ್ಗೆ ಟ್ಯಾಂಕ್‌ಗೆ ಡಿಪ್ ರಾಡ್ (ಅಳತೆಯ ಕೋಲು) ಇಳಿಸಿ ನೋಡಿ, ಇರುವ ಸ್ಟಾಕ್ ಎಷ್ಟು ಅಂತ ಬೋರ್ಡ್ ಮೇಲೆ ಬರೆಯತೊಡಗಿದೆವು. ಬಿತ್ತುವ ಟ್ರ್ಯಾಕ್ಟರ್‌ಗೆ ತಲಾ ಇಪ್ಪತ್ತು ಲೀಟರ್, ಪರಿಚಯ ಎಷ್ಟೇ ಇರಲಿ. 108 ಆಂಬ್ಯುಲೆನ್ಸ್‌ಗೆ ಬೇರೆ ಪಾಲು. ಕೆಲವರು ಸಿಟ್ಟಾದರು. ಆದರೆ ಲೆಕ್ಕ ಕಣ್ಣೆದುರೇ ಇದ್ದದ್ದರಿಂದ ಜಗಳ ಬೆಳೆಯಲಿಲ್ಲ. ಒಂದಿಬ್ಬರು ದೊಡ್ಡ ರೈತರು ಹಳೇ ಬಾಕಿ ಮುಂಚೆಯೇ ಕಟ್ಟಿದರು, ಅದೇ ದುಡ್ಡಿನಿಂದ ಮುಂದಿನ ಲೋಡು ಬಂತು. ಅವರ ಋಣ ದೊಡ್ಡದು.

ಜೂನ್ 17ರಂದು ಕೇಂದ್ರ ಸರ್ಕಾರ, ದೂರದ ಊರುಗಳ ಬಂಕ್‌ಗಳೂ ಸೇರಿ ಎಲ್ಲ ಬಂಕ್‌ಗಳು ಗೊತ್ತುಪಡಿಸಿದ ಕೆಲಸದ ಹೊತ್ತಿನುದ್ದಕ್ಕೂ ಎಣ್ಣೆ ಕೊಡಲೇಬೇಕು ಅಂತ ನಿಯಮ ವಿಸ್ತರಿಸಿತು. ಒಳ್ಳೆಯ ನಿಯಮ. ಆದರೆ ಅದು ಮಾರುವ ಹೊಣೆ ಹೇಳುತ್ತದೆ, ಮುಂಗಡ ಕಟ್ಟುವ ದುಡ್ಡಿನ ದಾರಿ ಹೇಳುವುದಿಲ್ಲ. ಮುಂಗಾರು, ಹಿಂಗಾರು ಬಿತ್ತನೆಯ ವಾರಗಳಲ್ಲಾದರೂ ಹಳ್ಳಿ ಬಂಕ್‌ಗಳಿಗೆ ಲೋಡಿನ ಮೇಲೆ ಸಾಲ ಬಿಡಬೇಕು. ಇದನ್ನು ಡೀಲರ್‌ಗಳ ಸಭೆಯಲ್ಲೂ ಹೇಳಿದ್ದೇನೆ. ಈ ಕೆಲಸದಲ್ಲಿರುವವರು ನೀವೂ ಕೇಳಿ.